ಎರಡೆಕರೆ ತೋಟದ ಹಗಲುಗನಸು

"ಊಟಕ್ಕೆ ಕೂತರೂ ಇವರು ಇಲ್ಲಿರೋದಿಲ್ಲ ಡಾಕ್ಟ್ರೇ" ಎಂದು ಗೃಹಿಣಿಯೊಬ್ಬರು ತಮ್ಮ ಯಜಮಾನರನ್ನು ಕರೆತಂದರು. ಬೆಂಗಳೂರಿನಲ್ಲಿ ಬ್ಯಾಂಕ್ ನೌಕರಿ, ವಯಸ್ಸು 46. ಎಲ್ಲಿರುತ್ತೀರಿ ಎಂದು ಕೇಳಿದೆ. ಸಂಕೋಚದಿಂದಲೇ ಹೇಳಿದರು: ಸಕಲೇಶಪುರದ ಕಡೆ ಎರಡೆಕರೆ, ಹೆಂಚಿನ ಮನೆ, ಬಾವಿ, ಎರಡು ಮಲೆನಾಡು ಗಿಡ್ಡ ಹಸು, ಉಪ್ಪು, ಬೆಂಕಿಪೊಟ್ಟಣ ಬಿಟ್ಟರೆ ಅಂಗಡಿಯಿಂದ ಏನೂ ತರಬೇಕಿಲ್ಲ. ಬಸ್ಸಿನಲ್ಲಿ ಕೂತೇ ಅಡಿಕೆ ಸಸಿ ನೆಡುತ್ತಾರಂತೆ.

ಇದು ಕಾಯಿಲೆಯೇ? ಖಂಡಿತ ಅಲ್ಲ. ನಾವು ಸುಮ್ಮನೆ ಕುಳಿತರೂ ಮಿದುಳು ಸುಮ್ಮನಿರುವುದಿಲ್ಲ. ಬೇರೆ ಕೆಲಸವಿಲ್ಲದಾಗಲೇ ಹೆಚ್ಚು ಚುರುಕಾಗುವ ಭಾಗಗಳ ಜಾಲವೊಂದು ಅದರಲ್ಲಿದೆ. ಹಳೆಯ ನೆನಪುಗಳನ್ನು ಜೋಡಿಸಿ ನಾಳೆಯ ಚಿತ್ರ ಕಟ್ಟುವುದರಲ್ಲಿ ಅದರ ಪಾತ್ರ ದೊಡ್ಡದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು 2,250 ಜನರನ್ನು ದಿನದ ನಾನಾ ಹೊತ್ತಿನಲ್ಲಿ ಫೋನಿನ ಮೂಲಕ ವಿಚಾರಿಸಲಾಯಿತು. ಹಾಗೆ ಕೇಳಿದಾಗಲೆಲ್ಲ ಶೇ. 47ರಷ್ಟು ಸಲ ಅವರ ಮನಸ್ಸು ಕೈಲಿದ್ದ ಕೆಲಸ ಬಿಟ್ಟು ಬೇರೆಲ್ಲೋ ಇತ್ತು!

ಆಸೆ ಈಡೇರಿಯೇಬಿಟ್ಟಿತು ಎಂದು ಕಲ್ಪಿಸಿಕೊಂಡವರ ರಕ್ತದೊತ್ತಡ ಸ್ವಲ್ಪ ಇಳಿದದ್ದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಂಡಿತು. (ಬಿ.ಪಿ. ಮಾತ್ರೆ ಬಿಟ್ಟು ತೋಟದ ಕನಸು ಕಾಣಿರೆಂದು ಇದರರ್ಥವಲ್ಲ.) ಕೆಲಸ ಮುಗಿದೇಹೋಯಿತೇನೋ ಎಂಬಂತೆ ದೇಹ ಸಡಿಲವಾಗುತ್ತದೆ; ದಣಿದವರಿಗೆ ಹಿತ, ಆದರೆ ಕೆಲಸಕ್ಕೆ ಬೇಕಾದ ಹುಮ್ಮಸ್ಸೂ ಅದರೊಡನೆ ತಗ್ಗುತ್ತದೆ.

ಈ ರೋಗಿಯ ವಿಷಯದಲ್ಲಿ ನನ್ನನ್ನು ಎಚ್ಚರಿಸಿದ್ದು ಬೇರೊಂದು ಮಾತು. ನಿದ್ದೆ ಹೇಗೆ ಎಂದು ಕೇಳಿದೆ. ಬೆಳಗಿನ ಜಾವ 3 ಗಂಟೆಗೇ ಎಚ್ಚರ, ಊಟ ರುಚಿಸದು, ತಿಂಗಳಿಂದ ಹೀಗೇ. ಆಮೇಲೆ ತಲೆ ತಗ್ಗಿಸಿ, "ಈಗೀಗ ಆ ತೋಟವೂ ಬೇಜಾರು ಡಾಕ್ಟ್ರೇ" ಎಂದರು. ಅವರ ಶ್ರೀಮತಿಗೆ ಅದುವರೆಗೆ ಇದು ತಿಳಿದೇ ಇರಲಿಲ್ಲ. ಕನಸು ಕಾಣುವವರ ಬಗ್ಗೆ ನನಗೆ ಭಯವಿಲ್ಲ. ಕನಸೂ ಖುಷಿ ಕೊಡುತ್ತಿಲ್ಲ ಎನ್ನುವವರ ಬಗ್ಗೆ ಇದೆ. ಹಿಂದೆ ಇಷ್ಟವಾಗುತ್ತಿದ್ದದ್ದು ಎರಡು ವಾರ ಕಳೆದರೂ ಬೇಡವೆನಿಸಿದರೆ, ಜೊತೆಗೆ ನಿದ್ದೆ, ಹಸಿವು ಕೆಟ್ಟರೆ, ಅದು ಖಿನ್ನತೆ ಇರಬಹುದು. ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ ಅವರನ್ನು ಮನೋವೈದ್ಯರ ಬಳಿ ಕಳುಹಿಸಿದೆ. ಇಂಥ ಮಾತ್ರೆಗಳ ಗುಣ ಕಾಣಲು ಕೆಲವು ವಾರಗಳೇ ಬೇಕು; ನಾಲ್ಕೇ ದಿನಕ್ಕೆ ಬಿಡಬಾರದು. ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಸಂಖ್ಯೆ 14416, ಹಗಲಿರುಳೂ ಉಚಿತ.

ನಿಜವಾಗಿಯೂ ಹೊರಡುವವರಿಗೆ ಎರಡು ಮಾತು. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಆದರೆ ನೀರಿನ ಸೆಲೆ ನೋಡುವಾಗಲೇ, ಹಾವಿನ ವಿಷಕ್ಕೆ ಔಷಧಿ ಇರುವ ಆಸ್ಪತ್ರೆ ಎಷ್ಟು ದೂರವೆಂದೂ ನೋಡಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಳ್ಳಿ. ಕೆಸರಿನಲ್ಲಿ ಬರಿಗಾಲಲ್ಲಿ ನಿಂತರೆ ಇಲಿಜ್ವರ ತಗುಲಬಹುದು. ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕೂತ ಎದೆ ಮೊದಲ ದಿನವೇ ಗುದ್ದಲಿ ಹಿಡಿಯಲು ಒಪ್ಪುವುದಿಲ್ಲ, ಮೊದಲು ತಪಾಸಣೆಯಾಗಲಿ.

ಮೂರು ತಿಂಗಳ ನಂತರ ದಂಪತಿ ಮತ್ತೆ ಬಂದಿದ್ದರು. ಬಾಲ್ಕನಿಯ ಕುಂಡದಲ್ಲಿ ಕೊತ್ತಂಬರಿ ಮೊಳೆತಿದೆ. ತೋಟದ ಹಸುಗಳು ಮೂರಾಗಿವೆಯಂತೆ, ಆದರೆ ಒಂದಕ್ಕಿಂತ ಹೆಚ್ಚು ಹಸುವಿನ ಸಗಣಿ ಬಾಚಲು ಆಕೆ ಒಪ್ಪುತ್ತಿಲ್ಲ. ಮಾತ್ರೆ ಇನ್ನೂ ನಿಲ್ಲಿಸಿಲ್ಲ.