ಊರು ಹತ್ತಿರವೋ, ದಾರಿ ಹತ್ತಿರವೋ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮನೆಯನ್ನು ಯಾವ ಊರಿನಲ್ಲಿ ಕಟ್ಟಬೇಕು ಎಂಬ ಪ್ರಶ್ನೆ ಬಹುಮಂದಿಗೆ ಇರಲಿಲ್ಲ. ಇದ್ದ ಊರಿನಲ್ಲೇ ಮನೆ, ಅಲ್ಲೇ ಹೊಲ, ಅಲ್ಲೇ ಅಂಗಡಿ. ದುಡಿಮೆ ಒಂದೂರಿನಲ್ಲಿ, ನಿದ್ರೆ ಇನ್ನೊಂದೂರಿನಲ್ಲಿ ಎಂಬ ಬದುಕು ವ್ಯಾಪಕವಾದದ್ದು ರೈಲು ಬಂದ ಮೇಲೆ. ಇಂದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಧ್ಯಮ ವರ್ಗದ ಕುಟುಂಬ ಸ್ವಂತ ಸೂರಿಗಾಗಿ ಲೆಕ್ಕ ಹಾಕಲು ಕುಳಿತರೆ, ನಗರದೊಳಗಿನ ಬೆಲೆ ಕೇಳಿದೊಡನೆ ಅದರ ದೃಷ್ಟಿ ಬಿಡದಿ, ರಾಮನಗರ, ದೊಡ್ಡಬಳ್ಳಾಪುರ, ತುಮಕೂರು, ಮಾಲೂರು, ಬಂಗಾರಪೇಟೆಗಳ ಕಡೆಗೆ ಹೊರಳುತ್ತದೆ. ಎಲ್ಲ ಬಡಾವಣೆಗಳ ಫಲಕಗಳೂ ‘ನಗರಕ್ಕೆ ಅತಿ ಸಮೀಪ’ ಎಂದೇ ಸಾರುತ್ತವೆ. ಆದರೆ ಸಮೀಪವೆಂಬುದನ್ನು ಅಳೆಯುವುದು ಹೇಗೆ?

ಹೀಗೆ ದಿನವೂ ಓಡಾಡುವವರಿಗೆ ಇಂಗ್ಲಿಷಿನಲ್ಲಿ ‘ಕಮ್ಯೂಟರ್’ ಎನ್ನುತ್ತಾರೆ. ಪದದ ಮೂಲ ಸ್ವಾರಸ್ಯಕರವಾದುದು. 19ನೆಯ ಶತಮಾನದಲ್ಲಿ ಅಮೆರಿಕದ ರೈಲು ಕಂಪನಿಗಳು ನಿತ್ಯ ಪ್ರಯಾಣಿಕರಿಗೆ ಬಿಡಿ ಟಿಕೆಟ್ಟುಗಳ ಬದಲು, ಒಟ್ಟು ಮೊತ್ತವನ್ನು ತಗ್ಗಿಸಿ ಒಂದೇ ಟಿಕೆಟ್ ಕೊಡುತ್ತಿದ್ದವು. ಹೀಗೆ ತಗ್ಗಿಸುವುದೇ ‘ಕಮ್ಯೂಟ್’; ನ್ಯಾಯಾಲಯದ ಶಿಕ್ಷೆಯನ್ನು ಇಳಿಸುವುದಕ್ಕೂ ಅದೇ ಪದ ಬಳಕೆಯಲ್ಲಿದೆ. ಆ ಟಿಕೆಟ್ ಕೊಂಡವನು ಕಮ್ಯೂಟರ್ ಆದ. ನಮ್ಮಲ್ಲಿ ಅದು ಸೀಸನ್ ಟಿಕೆಟ್. ಜನರ ಬಾಯಲ್ಲಿ ‘ಪಾಸು’. ಪಾಸಿನಿಂದ ತಗ್ಗುವುದು ದುಡ್ಡು ಮಾತ್ರ. ದಾರಿಯಲ್ಲಿ ಕಳೆಯುವ ಹೊತ್ತಿಗೆ ಯಾವ ರಿಯಾಯಿತಿಯೂ ಇಲ್ಲ.

ಇಟಲಿಯ ವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ಹೊತ್ತಿನ ಲೆಕ್ಕವಿದೆ. ಕಾಲ್ನಡಿಗೆಯ ಹಳ್ಳಿಗನಿರಲಿ, ಕಾರಿನ ನಗರವಾಸಿಯಿರಲಿ, ಮನುಷ್ಯ ದಿನಕ್ಕೆ ಸರಾಸರಿ ಒಂದು ಗಂಟೆಯಷ್ಟನ್ನು ಓಡಾಟಕ್ಕೆ ಕೊಡುತ್ತಾನೆ ಎಂಬುದು ಅವರ ವಾದ. ವಾಹನದ ವೇಗ ಹೆಚ್ಚಿದಾಗ ಜನ ಸಮಯ ಉಳಿಸಿಕೊಳ್ಳುವುದಿಲ್ಲ, ಇನ್ನಷ್ಟು ದೂರ ಹೋಗಿ ನೆಲೆಸುತ್ತಾರೆ. ಬೆಂಗಳೂರಿನ ಸುತ್ತಲಿನ ಊರುಗಳಿಗೆ ಹೋಗಿ ನೆಲೆಸುವವರು ಈ ಒಂದು ಗಂಟೆಯ ಗೆರೆಯನ್ನು ಎಷ್ಟೋ ದಾಟಿಬಿಡುತ್ತಾರೆ. ಹೋಗಿ ಬರಲು ದಿನಕ್ಕೆ 4 ಗಂಟೆ ಬೇಕೆನ್ನೋಣ. ವರ್ಷಕ್ಕೆ 300 ದಿನ ಓಡಾಡಿದರೆ 1,200 ಗಂಟೆ, ಅಂದರೆ ಹಗಲು ರಾತ್ರಿ ಸೇರಿ 50 ದಿನ. ಮನೆಸಾಲದ ಅವಧಿ 20 ವರ್ಷವಾದರೆ, ಅದು ತೀರುವ ಹೊತ್ತಿಗೆ 1,000 ದಿನಗಳು ದಾರಿಯಲ್ಲೇ ಕಳೆದಿರುತ್ತವೆ. ಬ್ಯಾಂಕಿನ ಕಂತಿನ ಪಟ್ಟಿಯಲ್ಲಿ ಈ ಬಾಬತ್ತು ಕಾಣಿಸುವುದಿಲ್ಲ.

ಈ ಮಾತಿಗೆ ನಮ್ಮ ಕೋಲಾರ ಚಿನ್ನದ ಗಣಿ ಪ್ರದೇಶವೇ ಸಾಕ್ಷಿ. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಪಡೆದ ಹೆಮ್ಮೆಯ ಊರು ಕೆಜಿಎಫ್. ಗಣಿಯೂ ಅಲ್ಲೇ, ಗಣಿಯವರ ಲೈನು ಮನೆಗಳೂ ಅಲ್ಲೇ. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಕೆಲಸ ಹೋಯಿತು, ಮನೆ ಉಳಿಯಿತು, ಮಾರಿಕುಪ್ಪಂನಿಂದ ಬೆಂಗಳೂರಿಗೆ ರೈಲೂ ಇತ್ತು. ಸಾವಿರಾರು ಮಂದಿ ನಸುಕಿನ ಗಾಡಿ ಹಿಡಿದು, ಸುಮಾರು 100 ಕಿ.ಮೀ. ದೂರದ ನಗರಕ್ಕೆ ಹೋಗಿ ದುಡಿದು, ಕತ್ತಲಾದ ಮೇಲೆ ಮರಳುವ ಬದುಕಿಗೆ ಒಗ್ಗಿಕೊಂಡರು. ರೈಲು ಆ ಊರಿನ ಅನ್ನ ಉಳಿಸಿತು ಎಂಬುದು ನಿಜ. ಆದರೆ ಅದು ಬೇರೆ ದಾರಿಯಿಲ್ಲದವರು ಹಿಡಿದ ದಾರಿ. ಸ್ವಂತ ಇಚ್ಛೆಯಿಂದ ಊರು ಆರಿಸುವವರು ಅಂಥ ದಿನಚರಿಯನ್ನು ತಿಳಿದೇ ಒಪ್ಪಿಕೊಳ್ಳಬೇಕು.

ಇನ್ನೊಂದು ನಿದರ್ಶನ ವೈಟ್‌ಫೀಲ್ಡ್. 1882ರಲ್ಲಿ ಡಿ.ಎಸ್. ವೈಟ್ ಅವರ ನೇತೃತ್ವದಲ್ಲಿ, ಮೈಸೂರು ಮಹಾರಾಜರು ಕೊಟ್ಟ ನೆಲದಲ್ಲಿ, ಆಂಗ್ಲೋ ಇಂಡಿಯನ್ನರಿಗಾಗಿ ಹುಟ್ಟಿದ ಬೇಸಾಯದ ನೆಲೆ ಅದು. ಒಂದು ಶತಮಾನಕ್ಕೂ ಹೆಚ್ಚು ಕಾಲ ಹೆಂಚಿನ ಮನೆಗಳ ನಿಶ್ಶಬ್ದ ಊರಾಗಿತ್ತು. 1990ರ ದಶಕದ ಕೊನೆಯಲ್ಲಿ ಸಾಫ್ಟ್‌ವೇರ್ ಉದ್ಯಮ ಅಲ್ಲಿಗೇ ನಡೆದುಬಂತು. ಕೆಲಸ ಬಂತು, ಮನೆಗಳು ಬಂದವು, ರಸ್ತೆ ಮಾತ್ರ ಹಳೆಯದೇ. ನಗರದ ನಡುವಿನಿಂದ ನೇರ ಮೆಟ್ರೊ ಬಂದದ್ದು 2023ರಲ್ಲಿ. ಮೊದಲೇ ಮನೆ ಕೊಂಡವರಿಗೆ ಬೆಲೆ ಏರಿದ ಲಾಭವೇನೋ ಸಿಕ್ಕಿತು. ಅದಕ್ಕಾಗಿ ವರ್ಷಗಟ್ಟಲೆ ವಾಹನಗಳ ಸಾಲಿನಲ್ಲಿ ಕಾದದ್ದೂ ಅವರೇ.

ಆದ್ದರಿಂದ ಮುಂದೆ ಬರಲಿರುವ ರೈಲನ್ನು ನಂಬಿ ಇಂದು ಮನೆ ಕೊಳ್ಳುವುದು ಜಾಣತನವಲ್ಲ. ಬೆಂಗಳೂರು ಉಪನಗರ ರೈಲು ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ, ಶಂಕುಸ್ಥಾಪನೆ 2022ರ ಜೂನ್‌ನಲ್ಲಿ. 40 ತಿಂಗಳಲ್ಲಿ ಮುಗಿಯುವುದೆಂದು ಹೇಳಲಾಗಿತ್ತು. 2025ರಲ್ಲಿ ಆ ಗಡುವು ಕಳೆದಾಗ ಅದರ ಒಂದು ಮಾರ್ಗದಲ್ಲೂ ಗಾಡಿ ಓಡಿರಲಿಲ್ಲ. ಈಗ ಓಡುತ್ತಿರುವ ಬೆಳಗಿನ ಗಾಡಿ ಯಾವುದು, ರಾತ್ರಿಯ ಕೊನೆಯ ಗಾಡಿ ಯಾವುದು, ಅದು ತಪ್ಪಿದರೆ ಬಸ್ಸಿದೆಯೇ, ನಿಲ್ದಾಣದಿಂದ ಮನೆಗೆ ಎಷ್ಟು ದೂರ ಎಂದು ಕೇಳಬೇಕು. ಬರೀ ಸೀಸನ್ ಟಿಕೆಟ್ ಹಿಡಿದು ಸೂಪರ್‌ಫಾಸ್ಟ್ ಗಾಡಿ ಹತ್ತುವಂತಿಲ್ಲ, ಹೆಚ್ಚುವರಿ ಶುಲ್ಕ ಕಟ್ಟಬೇಕು ಎಂಬುದೂ ನೆನಪಿರಲಿ. ಭಾನುವಾರ ಕಾರಿನಲ್ಲಿ ಹೋಗಿ ನಿವೇಶನ ನೋಡಿದರೆ ಇದೊಂದೂ ತಿಳಿಯುವುದಿಲ್ಲ. ಕೆಲಸದ ದಿನ, ಕೆಲಸದ ವೇಳೆಗೆ, ಎರಡು ಬಾರಿಯಾದರೂ ಓಡಾಡಿ ನೋಡಬೇಕು.

ದಾರಿಯಷ್ಟೇ ಮುಖ್ಯವಾದುದು ನೀರು. ಬೆಂಗಳೂರಿಗೆ 1974ರಿಂದ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಏರಿ ಬರುತ್ತಿದೆ. ನಗರಕ್ಕೆ ಹತ್ತಿರವೆಂಬ ಕಾರಣಕ್ಕೆ ಸುತ್ತಲಿನ ಊರುಗಳಿಗೆ ಅದು ದಕ್ಕುವುದಿಲ್ಲ. 2024ರ ಬೇಸಿಗೆಯಲ್ಲಿ ನಗರದ ಅಂಚಿನ ಕೊಳವೆಬಾವಿಗಳೇ ಬತ್ತಿದವು. ತುಮಕೂರಿಗೆ ಬುಗುಡನಹಳ್ಳಿ ಕೆರೆಯಲ್ಲಿ ತುಂಬಿಸಿದ ಹೇಮಾವತಿ ನೀರಿನ ಆಸರೆಯಿದೆ. ಕೋಲಾರದ ಕಡೆ ವರ್ಷವಿಡೀ ಹರಿಯುವ ನದಿಯಿಲ್ಲ. ಅಂತರ್ಜಲ ಹೆಚ್ಚಿಸಲು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು 2018ರಿಂದ ಅಲ್ಲಿನ ಕೆರೆಗಳಿಗೆ ಹರಿಸಲಾಗುತ್ತಿದೆ. ಮನೆ ತೋರಿಸುವವರು ನಲ್ಲಿಯನ್ನು ತೋರಿಸುತ್ತಾರೆ. ಅದರಲ್ಲಿ ಬರುವ ನೀರು ಎಲ್ಲಿಯದು, ಏಪ್ರಿಲ್‌ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ಪಕ್ಕದ ಮನೆಯವರನ್ನೇ ಕೇಳಬೇಕು.

ಕಾಗದಪತ್ರಗಳ ವಿಷಯ ಎಲ್ಲರಿಗೂ ತಿಳಿದದ್ದೇ, ಆದರೂ ಎಡವುವವರು ಹೆಚ್ಚು. ಭೂಪರಿವರ್ತನೆಯಾಗದ ಕೃಷಿ ಜಮೀನಿನ ‘ರೆವಿನ್ಯೂ ಸೈಟು’ ಅಗ್ಗವೆಂದು ಕೊಂಡವರು ಮುಂದೆ ಖಾತೆಗೂ ಸಾಲಕ್ಕೂ ಅಲೆಯಬೇಕಾಗುತ್ತದೆ. ಯೋಜನಾ ಪ್ರಾಧಿಕಾರದ ಅನುಮೋದನೆ, ಋಣಭಾರ ಪತ್ರ, ದೊಡ್ಡ ಬಡಾವಣೆಯಾದರೆ 2016ರ ರೇರಾ ಕಾಯ್ದೆಯಂತೆ ನೋಂದಣಿ, ಇಷ್ಟನ್ನು ಮುಂಗಡ ಕೊಡುವ ಮೊದಲೇ ವಕೀಲರಿಗೆ ತೋರಿಸುವುದು ಲೇಸು.

ಕೊನೆಯದಾಗಿ, ಆರಿಸುವ ಊರು ತನ್ನ ಕಾಲ ಮೇಲೆ ನಿಂತಿದೆಯೇ ಎಂಬುದು. ರಾಮನಗರಕ್ಕೆ ರೇಷ್ಮೆಗೂಡಿನ ಮಾರುಕಟ್ಟೆಯಿದೆ. ತುಮಕೂರಿಗೆ ಮಂಡಿ, ಮಠ, ಕಾಲೇಜುಗಳಿವೆ. ಬೆಂಗಳೂರಿಗೆ ಹೋಗುವವನು ಬೆಳಗ್ಗೆ ಬಿಟ್ಟು ರಾತ್ರಿ ಬರುತ್ತಾನೆ. ಆ ಊರಿನಲ್ಲಿ ಹಗಲೆಲ್ಲ ಇರುವವರು ಮನೆಯ ಹಿರಿಯರು, ಮಕ್ಕಳು, ಮನೆ ನೋಡಿಕೊಳ್ಳುವ ಹೆಣ್ಣುಮಕ್ಕಳು. ನಡೆದು ಹೋಗುವಷ್ಟು ದೂರದಲ್ಲಿ ಶಾಲೆ, ರಾತ್ರಿಯೂ ತೆರೆದಿರುವ ಆಸ್ಪತ್ರೆ, ಸಂಜೆಯ ಸಂತೆ, ಮಾತಿಗೆ ಸಿಗುವ ನೆರೆಹೊರೆ ಬೇಕಾದದ್ದು ಅವರಿಗೆ. ಮನೆ ಕೊಳ್ಳುವಾಗ ದುಡಿಯುವವನ ದಾರಿಯನ್ನು ಅಳೆದಷ್ಟೇ ಎಚ್ಚರದಿಂದ ಮನೆಯಲ್ಲಿರುವವರ ಹಗಲನ್ನೂ ಅಳೆದ ಕುಟುಂಬಕ್ಕೆ ಆ ಊರು ಬೇಗ ತನ್ನದಾಗುತ್ತದೆ.