ಮಚ್ಚೆಗೆ ಸುಣ್ಣ ಹಚ್ಚುವ ಮುನ್ನ

ಶಾಲೆ, ನೌಕರಿಗಳ ಎಷ್ಟೋ ಅರ್ಜಿಗಳಲ್ಲಿ 'ಗುರುತಿನ ಚಿಹ್ನೆ' ಎಂಬ ಅಂಕಣವಿರುತ್ತದೆ. 'ಬಲಗೆನ್ನೆಯ ಮೇಲೆ ಕಪ್ಪು ಮಚ್ಚೆ' ಎಂದು ಬರೆದರೆ ಮುಗಿಯಿತು. ಅದೇ ಮಚ್ಚೆ ನೀಲಿಯಾಗಿಯೋ ಕೆಂಪಾಗಿಯೋ ಇದ್ದರೆ, ಸುತ್ತ ಬಿಳಿ ಉಂಗುರ ಮೂಡಿದರೆ ಹೆತ್ತವರ ಎದೆ ಧಸಕ್ಕೆನ್ನುತ್ತದೆ.

ಹಸುಗೂಸಿನ ಸೊಂಟದ ಮೇಲೆ ನೀಲಿ ಕಲೆ ಕಂಡರೆ, ಬಸುರಿಯಿದ್ದಾಗ ಗ್ರಹಣ ನೋಡಿದಳೆಂದು ತಾಯಿಯನ್ನು ದೂರುವ ಅಜ್ಜಿಯರು ಹುನಗುಂದದ ಕಡೆ ಇಂದಿಗೂ ಇದ್ದಾರೆ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಬಣ್ಣದ ಜೀವಕೋಶಗಳು ಚರ್ಮದ ಆಳದಲ್ಲೇ ಉಳಿದದ್ದರಿಂದ ಕಪ್ಪು ನೀಲಿಯಾಗಿ ಕಾಣುತ್ತದೆ, ಅಷ್ಟೆ. ಮಗು ಶಾಲೆ ಸೇರುವ ಹೊತ್ತಿಗೆ ಬಹುಮಟ್ಟಿಗೆ ಮಾಸಿಹೋಗುತ್ತದೆ.

ಬಿಳಿ ಉಂಗುರದ ಮಚ್ಚೆ ಹರೆಯದ ಮಕ್ಕಳ ಬೆನ್ನಿನ ಮೇಲೆ ಹೆಚ್ಚು. ತೊನ್ನೆಂದು ಹೆದರಿ, ಹೆಣ್ಣುಮಗುವಾದರೆ ಮುಚ್ಚಿಡುವುದೂ ಉಂಟು. ದೇಹದ ರೋಗನಿರೋಧಕ ಶಕ್ತಿಯೇ ಮಚ್ಚೆಯ ಬಣ್ಣದ ಕೋಶಗಳ ಮೇಲೆ ಏರಿಹೋದಾಗ ಹೀಗಾಗುತ್ತದೆ. ಕೆಲವು ವರ್ಷಗಳಲ್ಲಿ ಮಚ್ಚೆ ಮಾಯವಾಗಿ, ಚರ್ಮಕ್ಕೆ ಮೊದಲಿನ ಬಣ್ಣ ಮರಳುವುದೇ ಹೆಚ್ಚು. (ಅರ್ಜಿಯಲ್ಲಿ ಅದನ್ನೇ ಗುರುತೆಂದು ಬರೆಸಿದವರಿಗೆ ಮಾತ್ರ ಫಜೀತಿ!) ಕೆಲವರಲ್ಲಿ ತೊನ್ನೂ ಜೊತೆಗಿರಬಹುದಾದ್ದರಿಂದ ಒಮ್ಮೆ ವೈದ್ಯರಿಗೆ ತೋರಿಸಬೇಕು. ತೊನ್ನು ಅಂಟುರೋಗವಂತೂ ಅಲ್ಲ.

ವೈದ್ಯರನ್ನೇ ಗೊಂದಲಕ್ಕೆ ಕೆಡವಿದ್ದು ಸ್ಪಿಟ್ಜ್ ಮಚ್ಚೆ. ಬಾದಾಮಿಯ ಬಂಡೆಯ ಬಣ್ಣದ ನುಣುಪು ಗಂಟೊಂದು ಗಲ್ಲದ ಮೇಲೋ ಕಾಲಿನ ಮೇಲೋ ಎದ್ದು, ಕೆಲವೇ ತಿಂಗಳಲ್ಲಿ ಬೆಳೆಯುತ್ತದೆ. ಕಂದು ಬಣ್ಣದ್ದೂ ಇರಬಹುದು. ಸೂಕ್ಷ್ಮದರ್ಶಕದಲ್ಲಿ ಥೇಟ್ ಕ್ಯಾನ್ಸರಿನಂತೆ! ಹೀಗೆ ಕಂಡರೂ ಇಂಥ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಇರುತ್ತಾರೆಂದು ಅಮೆರಿಕದ ವೈದ್ಯೆ ಸೋಫಿ ಸ್ಪಿಟ್ಜ್ 1948ರಲ್ಲಿ ತಿಳಿಸಿದರು. ಆದರೂ ಸಂಶಯವಿದ್ದರೆ ವೈದ್ಯರು ಅದನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಇಲ್ಲಿಯೇ ಮನೆಮದ್ದು ಮುಳುವಾಗುವುದು. ಸುಣ್ಣ, ಸೋಡಾ ಹಚ್ಚಿ ಸುಡುವುದು, ಕುದುರೆ ಕೂದಲು ಬಿಗಿದು ಉದುರಿಸುವುದು ಹಳ್ಳಿಗಳಲ್ಲಿ ಹೊಸತಲ್ಲ. ಕಲೆ ಉಳಿಯುತ್ತದೆಂಬುದು ಸಣ್ಣ ಮಾತು. ಪರೀಕ್ಷಿಸಬೇಕಾದ ತುಣುಕೇ ಹಾಳಾದರೆ ಅದೇನಿತ್ತೆಂದು ಆಮೇಲೆ ಯಾರು ಹೇಳಬೇಕು?

ಮಕ್ಕಳಲ್ಲಿ ಮಚ್ಚೆಯ ಕ್ಯಾನ್ಸರ್ ತೀರಾ ಅಪರೂಪ. ಆದರೆ ತಾನಾಗಿ ರಕ್ತ ಒಸರುವ, ಹುಣ್ಣಾಗುವ, ದಿಢೀರನೆ ದೊಡ್ಡದಾಗುವ ಮಚ್ಚೆಯನ್ನು ತಡಮಾಡದೆ ತೋರಿಸಬೇಕು. ಹುಟ್ಟುವಾಗಲೇ ಬೆನ್ನ ತುಂಬ ಹರಡಿದ ಕಪ್ಪು ಮಚ್ಚೆಗೆ ಮೊದಲಿನಿಂದಲೂ ವೈದ್ಯರ ನಿಗಾ ಬೇಕು. ಇಳಕಲ್ಲಿನವರು ಇದಕ್ಕಾಗಿ ಹುಬ್ಬಳ್ಳಿಗೇ ಓಡಬೇಕಿಲ್ಲ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ.

ಹೋಗುವ ಮುನ್ನ ಮಗುವಿನ ಕಂಪಾಸ್ ಪೆಟ್ಟಿಗೆಯ ಸ್ಕೇಲನ್ನು ಮಚ್ಚೆಯ ಪಕ್ಕ ಹಿಡಿದು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಮೂರು ತಿಂಗಳ ಬಳಿಕ ವೈದ್ಯರು ಮತ್ತೆ ಬರಹೇಳಿದಾಗ, ಬೆಳೆದಿದೆಯೋ ಇಲ್ಲವೋ ಎಂಬುದಕ್ಕೆ ಅದೇ ಲೆಕ್ಕ.