ರಸ್ತೆಯಾಚೆಯ ಕಣ್ಣಿಗೊಂದು ಲೋಗೋ

ನಮ್ಮ ಬೀದಿಯ ತಿರುವಿನಲ್ಲಿ ಗಂಡ ಹೆಂಡತಿ ಸೇರಿ ಮರದ ಗಾಣದ ಎಣ್ಣೆ ಅಂಗಡಿ ತೆರೆದರು. ಬಾಗಿಲ ಮೇಲೆ ಹೊಸ ಬೋರ್ಡು, ಕಡುಹಸಿರು ಬಣ್ಣದ ಮೇಲೆ ಕೆಂಪು ಅಕ್ಷರ. ಪಕ್ಕದಲ್ಲಿ ದುಂಡನೆಯ ಲೋಗೋ. ಅದರೊಳಗೆ ಗಾಣ, ಗಾಣ ಸುತ್ತುವ ಎತ್ತು, ಕಡಲೆಕಾಯಿ ಗಿಡ, ಹುಟ್ಟುವ ಸೂರ್ಯ, ಕೆಳಗೊಂದು ರಿಬ್ಬನ್ನಿನಲ್ಲಿ ‘ಶುದ್ಧ ಗಾಣದ ಎಣ್ಣೆ’ ಎಂಬ ಬರಹ. ಡಿಟಿಪಿ ಅಂಗಡಿಯ ಪರದೆಯ ಮೇಲೆ ಅದು ಸೊಗಸಾಗಿಯೇ ಇತ್ತಂತೆ. ಬಾಟಲಿಯ ಲೇಬಲ್ಲಿಗೆ ಬರುವಷ್ಟರಲ್ಲಿ ಎತ್ತು, ಗಿಡ, ಸೂರ್ಯ ಎಲ್ಲ ಕಲಸಿಕೊಂಡು ಒಂದು ಮಚ್ಚೆಯಾಯಿತು. ಸಂಜೆ ದೀಪ ಹಾಕುವ ಮುಂಚೆ ರಸ್ತೆಯ ಆಚೆ ಬದಿಯಿಂದ ನೋಡಿದರೆ ಬೋರ್ಡಿಗೆ ಬೋರ್ಡೇ ಕಪ್ಪು ಹಲಗೆ. “ದುಡ್ಡು ಕೊಟ್ಟು ಮಾಡಿಸಿದ್ದು ಸಾರ್, ಯಾಕೆ ಹೀಗೆ ಕಾಣುತ್ತೆ?” ಎಂದು ಆಕೆ ಕೇಳಿದರು. ಅವರ ಪ್ರಶ್ನೆಗೆ ಉತ್ತರ ನಮ್ಮೆಲ್ಲರ ಕಣ್ಣಿನಲ್ಲೇ ಇದೆ.

ಕಣ್ಣಿನ ಡಾಕ್ಟರ ಗೋಡೆಯ ಮೇಲಿನ ಅಕ್ಷರಗಳ ಚಾರ್ಟನ್ನು ನೆನಪಿಸಿಕೊಳ್ಳಿ. ಅದನ್ನು 1862ರಲ್ಲಿ ರೂಪಿಸಿದವರು ಡಚ್ ವೈದ್ಯ ಹರ್ಮನ್ ಸ್ನೆಲ್ಲೆನ್. ಅದರ ಹಿಂದಿರುವ ಲೆಕ್ಕ ಸರಳ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ಸಂದನ್ನು ಗುರುತಿಸಬಲ್ಲದು; ಅದಕ್ಕಿಂತ ಕಿರಿದಾದರೆ ಎರಡು ಗೆರೆಗಳು ಒಂದಾಗಿ ಕಾಣುತ್ತವೆ. 30 ಮೀಟರ್ ದೂರದಿಂದ ನೋಡುವಾಗ ಆ ಮಿತಿ ಸುಮಾರು 9 ಮಿಲಿಮೀಟರ್. ಅಂಗಡಿಯ ಒಳಗೆ 2 ಮೀಟರ್ ಆಚೆಯ ಷೆಲ್ಫಿನಲ್ಲಿ ಬಾಟಲಿ ಇದ್ದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಇದು ಒಳ್ಳೆಯ ಬೆಳಕಿನಲ್ಲಿ, ಚುರುಕು ಕಣ್ಣಿಗೆ, ನಿಂತು ನೋಡುವಾಗಿನ ಮಾತು. ಸ್ಕೂಟರಿನಲ್ಲಿ ಹೋಗುತ್ತಿರುವವರಿಗೆ ಇದರ ಎರಡು ಮೂರು ಪಟ್ಟಾದರೂ ಬೇಕು.

ಈ ಲೆಕ್ಕವನ್ನು ‘ಶುದ್ಧ’ ಎಂಬ ಒಂದೇ ಪದಕ್ಕೆ ಹಚ್ಚಿ ನೋಡಿ. ದಕಾರದ ಕೆಳಗೆ ಧಕಾರದ ಒತ್ತು. ದ ಮತ್ತು ಧಗಳ ನಡುವೆ ಇರುವ ವ್ಯತ್ಯಾಸವೆಂದರೆ ಬುಡದಲ್ಲಿರುವ ಒಂದು ಸಣ್ಣ ಸೀಳು ಮಾತ್ರ. ಒತ್ತಕ್ಷರವೇ ಮೇಲಿನ ಅಕ್ಷರಕ್ಕಿಂತ ಚಿಕ್ಕದು, ಅದರ ಸೀಳು ಇನ್ನೂ ಚಿಕ್ಕದು. ಲೇಬಲ್ಲಿನಲ್ಲಿ ಶಾಯಿ ಒಂದು ಕೂದಲೆಳೆಯಷ್ಟು ಹರಡಿದರೂ ಸೀಳು ಮುಚ್ಚಿ ‘ಶುದ್ದ’ ಆಗುತ್ತದೆ. ಶುದ್ಧತೆಯನ್ನೇ ಮಾರುವ ಅಂಗಡಿಗೆ ಇದಕ್ಕಿಂತ ನೋವಿನ ತಪ್ಪು ಇನ್ನೊಂದಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಅಳೆದು ಮಾಡಿದ ಚೌಕಟ್ಟಿನಲ್ಲಿ ಕನ್ನಡವನ್ನು ತುರುಕಿದರೆ ಹೀಗಾಗುವುದೇ ಹೆಚ್ಚು. ತಲೆಕಟ್ಟು, ಗುಡಿಸು ಮೇಲಕ್ಕೆ ಚಾಚುತ್ತವೆ, ಒತ್ತು ಕೆಳಕ್ಕೆ ಇಳಿಯುತ್ತದೆ. ಮೇಲೆ ಕೆಳಗೆ ಜಾಗ ಬಿಡದಿದ್ದರೆ ಅಕ್ಷರದ ಹೊಟ್ಟೆಯೇ ಕುಗ್ಗಬೇಕಾಗುತ್ತದೆ. ಕರ್ನಾಟಕದಲ್ಲಿ ನಾಮಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕೆಂಬ ನಿಯಮ 2024ರಲ್ಲಿ ಬಂದಿದೆ. ಜಾಗ ಸಿಕ್ಕಿದೆ, ಅಕ್ಷರಕ್ಕೆ ಉಸಿರಾಡಲು ಬಿಡುವ ಕೆಲಸ ನಮ್ಮದು.

ಇನ್ನು ಸಂಜೆಯ ಕಪ್ಪು ಹಲಗೆಯ ಕಥೆ. ಕಣ್ಣಿನ ಹಿಂಬದಿಯ ರೆಟಿನಾದಲ್ಲಿ ಎರಡು ಬಗೆಯ ಕೋಶಗಳಿವೆ. ಶಂಕುಕೋಶಗಳು ಹಗಲಿನವು, ಬಣ್ಣ ಗುರುತಿಸುವವು. ದಂಡಕೋಶಗಳು ಮಬ್ಬು ಬೆಳಕಿನವು. ನೀಲಿ ಹಸಿರಿಗೆ ಚೆನ್ನಾಗಿ ಸ್ಪಂದಿಸುತ್ತವೆ, ಕೆಂಪಿಗೆ ಮಾತ್ರ ಹೆಚ್ಚುಕಡಿಮೆ ಕುರುಡು. ಕತ್ತಲಾಗುತ್ತಿದ್ದಂತೆ ಕೆಲಸ ಒಂದರಿಂದ ಇನ್ನೊಂದಕ್ಕೆ ಕೈಬದಲಾಗುತ್ತದೆ. ಮಧ್ಯಾಹ್ನ ಉಜ್ವಲವಾಗಿದ್ದ ಕೆಂಪು ಹೂವು ನಸುಕಿನಲ್ಲಿ ಕಪ್ಪಾಗಿ ಕಾಣುವುದನ್ನು ಸುಮಾರು 200 ವರ್ಷಗಳ ಹಿಂದೆ ಗಮನಿಸಿದವರು ಬೊಹೆಮಿಯಾದ ವಿಜ್ಞಾನಿ ಯಾನ್ ಪುರ್ಕಿನ್ಯೆ. ಇವತ್ತಿಗೂ ಆ ವಿದ್ಯಮಾನ ಅವರ ಹೆಸರಿನಲ್ಲೇ ಇದೆ. ಅಂಗಡಿಗೆ ಜನ ಬರುವುದೇ ಸಂಜೆ, ಕೆಲಸ ಮುಗಿಸಿ ಮನೆಗೆ ಹೋಗುವಾಗ. ಕೆಂಪನ್ನು ಇಷ್ಟಪಡುವವರು ಅದನ್ನು ಬಿಳಿಯ ಮೇಲೆ ಹಾಕಲಿ, ಕಡುಹಸಿರಿನ ಮೇಲೆ ಬೇಡ. ಅಕ್ಷರ ಓದಿಸುವುದು ಮುಖ್ಯವಾಗಿ ಬೆಳಕು ಕತ್ತಲೆಯ ಅಂತರ. ಕೆಂಪು ಹಸಿರುಗಳ ಭೇದ ಕಾಣದ ಗಂಡಸರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ಹಲವರಿಗೆ ತಮಗೆ ಹಾಗಿದೆ ಎಂಬುದೂ ಗೊತ್ತಿರುವುದಿಲ್ಲ.

ಕಣ್ಣು ದಾಟಿದ ಮೇಲೆ ಲೋಗೋ ನೆನಪಿನಲ್ಲಿ ಕೂರಬೇಕು. ಅಲ್ಲಿ ಎಷ್ಟು ಉಳಿಯುತ್ತದೆ? 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಾಸ್ ಏಂಜಲೀಸಿನ 85 ವಿದ್ಯಾರ್ಥಿಗಳಿಗೆ ಆ್ಯಪಲ್ ಕಂಪನಿಯ ಲೋಗೋವನ್ನು ನೆನಪಿನಿಂದ ಬಿಡಿಸಲು ಹೇಳಿದರು. ದಿನಕ್ಕೆ ಹತ್ತಾರು ಸಲ ನೋಡುವ ಚಿತ್ರ ಅದು. ತಪ್ಪಿಲ್ಲದೆ ಬಿಡಿಸಿದವರು ಒಬ್ಬರೇ. ಎಲೆ ಯಾವ ಕಡೆ ಬಾಗಿದೆ, ಕಚ್ಚಿದ ಗುರುತು ಎಲ್ಲಿದೆ ಎಂಬುದೇ ಉಳಿದವರಲ್ಲಿ ಹಲವರಿಗೆ ತೋಚಲಿಲ್ಲ. ಅಷ್ಟು ಸರಳ ಚಿತ್ರದ ಪಾಡೇ ಹೀಗಿರುವಾಗ ಎತ್ತು, ಗಿಡ, ಸೂರ್ಯ, ರಿಬ್ಬನ್ನುಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಮನಸ್ಸು ಹಿಡಿದಿಟ್ಟುಕೊಳ್ಳುವುದು ಒಟ್ಟಾರೆ ಆಕಾರವನ್ನು.

ಬ್ರಿಟನ್ನಿನಲ್ಲಿ ಮೊತ್ತಮೊದಲು ನೋಂದಣಿಯಾದ ಟ್ರೇಡ್‌ಮಾರ್ಕ್ ಇದಕ್ಕೆ ಒಳ್ಳೆಯ ಸಾಕ್ಷಿ. 1876ರ ಜನವರಿ 1ರಂದು ನೋಂದಣಿಯಾದ ಅದು ಬಾಸ್ ಎಂಬ ಬಿಯರ್ ಕಂಪನಿಯ ಕೆಂಪು ತ್ರಿಕೋನ. ಫ್ರೆಂಚ್ ಚಿತ್ರಕಾರ ಎಡ್ವರ್ಡ್ ಮಾನೆ 1882ರಲ್ಲಿ ಮುಗಿಸಿದ ಪ್ಯಾರಿಸ್ಸಿನ ಬಾರ್ ಒಂದರ ಚಿತ್ರದಲ್ಲಿ ಕೌಂಟರಿನ ಮೇಲೆ ಆ ಬಾಟಲಿಗಳಿವೆ. ಲೇಬಲ್ಲಿನ ಅಕ್ಷರ ಓದಬೇಕಾಗಿಯೇ ಇಲ್ಲ. ಕುಂಚದ ಪುಟ್ಟ ಕೆಂಪು ಗುರುತೇ ಅದು ಯಾರ ಬಾಟಲಿ ಎಂದು ಹೇಳುತ್ತದೆ.

ಹಾಗಾದರೆ ಮೈಸೂರು ಸ್ಯಾಂಡಲ್ ಸೋಪಿನ ಶರಭ? ಸಿಂಹದ ಮೈ, ಆನೆಯ ತಲೆ, ಅದು ಸರಳ ಆಕಾರವೇನಲ್ಲವಲ್ಲ ಎಂದು ಕೇಳಬಹುದು. ನಿಜ. ಆದರೆ ಅದನ್ನು ಅಜ್ಜಿಯ ಕಾಲದಿಂದ ಪ್ರತಿ ಬಚ್ಚಲುಮನೆಯಲ್ಲಿ ನೋಡಿದ್ದೇವೆ. ಮತ್ತೆ ಮತ್ತೆ ಕಣ್ಣಿಗೆ ಬೀಳುವುದರಿಂದಲೇ ಒಂದು ವಸ್ತುವಿನ ಮೇಲೆ ಇಷ್ಟ ಬೆಳೆಯುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಜಾಯನ್ಸ್ 1968ರಲ್ಲಿ ತೋರಿಸಿದ್ದರು. ಆರು ತಿಂಗಳ ಅಂಗಡಿಗೆ ಆ ನೂರು ವರ್ಷದ ಪರಿಚಯವಿಲ್ಲ. ವರ್ಷಕ್ಕೊಮ್ಮೆ ಲೋಗೋ ಬದಲಿಸುವವರಂತೂ ಗಳಿಸಿದ ಅಷ್ಟಿಷ್ಟನ್ನೂ ತಾವೇ ಅಳಿಸಿಹಾಕುತ್ತಾರೆ.

ನಮ್ಮ ಬೀದಿಯ ಅಂಗಡಿಯವರು ಕೊನೆಗೆ ಲೋಗೋದಿಂದ ಗಾಣವನ್ನೂ ಬಿಟ್ಟರು. ಎಣ್ಣೆಯವರೆಲ್ಲ ಗಾಣವನ್ನೇ ಹಾಕುವಾಗ ಅದರಿಂದ ಯಾರನ್ನು ಗುರುತಿಸುವುದು? ಈಗ ಅವರದು ಎರಡು ಬೀಜದ ಕಡಲೆಕಾಯಿ, ಸೊಂಟದಲ್ಲಿ ಒಂದು ಹನಿಯ ಆಕಾರದ ಖಾಲಿ ಜಾಗ. ಮೊದಲು ಕಪ್ಪಿನಲ್ಲಿ ಬರೆಸಿದರು, ಬಣ್ಣ ಆಮೇಲೆ ಬಂತು. ಕಾನೂನಿನಲ್ಲೂ ಇದಕ್ಕೊಂದು ಅನುಕೂಲವಿದೆ: ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ, ಇಂಥದೇ ಬಣ್ಣ ಎಂದು ಮಿತಿ ಹಾಕಿಕೊಳ್ಳದೆ ನೋಂದಾಯಿಸಿದ ಗುರುತು ಎಲ್ಲ ಬಣ್ಣಗಳಿಗೂ ನೋಂದಣಿಯಾದಂತೆ. ನೋಂದಣಿಯ ಅವಧಿ 10 ವರ್ಷ, ಮತ್ತೆ ನವೀಕರಿಸಬಹುದು.

ನೀವೂ ಲೋಗೋ ಮಾಡಿಸುತ್ತಿದ್ದರೆ, ದುಡ್ಡು ಕೊಡುವ ಮುಂಚೆ ಅದನ್ನು ಕಪ್ಪು ಬಿಳುಪಿನಲ್ಲಿ ಒಮ್ಮೆ ರಬ್ಬರ್ ಸ್ಟಾಂಪಿನ ಅಳತೆಗೆ, ಇನ್ನೊಮ್ಮೆ ಬೋರ್ಡಿನ ಅಳತೆಗೆ ಅಚ್ಚು ಹಾಕಿಸಿ. ದೊಡ್ಡದನ್ನು ಅಂಗಡಿಯ ಬಾಗಿಲಿಗೆ ಅಂಟಿಸಿ, ಮುಸ್ಸಂಜೆ ಹೊತ್ತಿಗೆ ರಸ್ತೆ ದಾಟಿ ಆಚೆ ಬದಿಗೆ ಹೋಗಿ ನಿಂತು, ತಿರುಗಿ ನೋಡಿ.